ನಾಲ್ಕು ಬೆಳ್ಳಿ ಲೋಟದ ಮಹಜರು

ನಮ್ಮ ವಠಾರದಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಗೆ ಹೆಣ್ಣು ನೋಡಕ್ಕೆ ಬಂದ್ರೂ ಮಹಡಿ ಮೇಲಿಂದ ಓನರ್ ಅಂಜನಮ್ಮನ ಸೋಫಾ ಇಳಿಯುತ್ತೆ. ಗೋಗರೀಬೇಕಾಗಿಲ್ಲ. ಬೆಳಿಗ್ಗೆ ಒಂದು ಮಾತು ಹೇಳಿದ್ರೆ ಮಧ್ಯಾಹ್ನಕ್ಕೆ ಆ ಮೆರೂನ್ ಸೋಫಾ ಬಾಗಿಲಲ್ಲಿ ಅಡ್ಡ ಸಿಕ್ಕಾಕ್ಕೊಂಡು ನಿಂತಿರುತ್ತೆ. ಮೂಲೆ ಪ್ರಾವಿಷನ್ ಸ್ಟೋರ್ ಗೌರೀಶಂಕರಣ್ಣ ಅಂಗಡಿಯ ಸ್ಟ್ಯಾಂಡ್ ಫ್ಯಾನ್ ಕಳಿಸ್ತಾರೆ. ನಮ್ಮಮ್ಮ ಸಪ್ಪಲಮ್ಮ ಜಯನಗರದಲ್ಲಿ ಅಲಮೇಲಮ್ಮ ಅನ್ನೋ ರಿಟೈರ್ಡ್ ಹೆಡ್‌ಮಿಸ್ ಮನೆಗೆ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕೆ ಹೋಗ್ತಾಳೆ. ಅವರ ಹತ್ರ ನಾಲ್ಕು ಬೆಳ್ಳಿ ಲೋಟ ಇಸ್ಕೊಂಡು ಬರ್ತಾಳೆ. ಜರಗನಹಳ್ಳಿಯ ಈ ಒಂದು ವಠಾರದಿಂದ ಏಳು ಹೆಣ್ಮಕ್ಕಳು ಆ ಸೋಫಾ ಮುಂದೆ ಕಾಫಿ ತಟ್ಟೆ ಹಿಡ್ಕೊಂಡು ಹೋಗಿ ಮದುವೆ ಆಗಿದ್ದಾರೆ. ಗಂಡಿನ ಕಡೆಯವರಿಗೆ ಗೊತ್ತಾಗಲ್ವಾ ಅಂತೀರಾ? ಚೆನ್ನಾಗೇ ಗೊತ್ತಾಗುತ್ತೆ. ಅವರೂ ಭಾವನ ಕಾರು, ಚಿಕ್ಕಪ್ಪನ ವಾಚು ಹಾಕ್ಕೊಂಡು ಬಂದಿರ್ತಾರೆ. ಅಲ್ಲಿಗೆ ಸರಿಹೋಯ್ತು.

ನನ್ನನ್ನ ನೋಡಕ್ಕೂ ಎರಡು ಸಲ ಬಂದಿದ್ರು. ಸೋಫಾ ಮೇಲೆ ಕೂತ್ರು, ಬೆಳ್ಳಿ ಲೋಟದಲ್ಲಿ ಕಾಫಿ ಕುಡಿದ್ರು, ನನ್ನ ಕಾಲಿಗೆ ಕಟ್ಟೋ ಕಬ್ಬಿಣದ ಕಡ್ಡಿ, ಕ್ಯಾಲಿಪರ್ ನೋಡಿದ್ರು, ‘ಹೇಳಿ ಕಳಿಸ್ತೀವಿ’ ಅಂದ್ರು. ಹದಿನಾಲ್ಕು ವರ್ಷ ಆಯ್ತು, ಇನ್ನೂ ಹೇಳಿ ಕಳಿಸ್ತಾನೇ ಇದ್ದಾರೆ. ಹೋಗ್ಲಿ ಬಿಡಿ, ಆ ಎರಡು ಗಂಡುಗಳ ಮುಖ ನೆನೆಸ್ಕೊಂಡ್ರೆ ದೇವ್ರು ದೊಡ್ಡೋನು ಅನ್ಸುತ್ತೆ.

ನನ್ನ ಹೆಸರು ಭಾಗ್ಯಜ್ಯೋತಿ. ನಾನು ಹುಟ್ಟಿದ ವರ್ಷ ನಮ್ಮನೆಗೆ ಸರ್ಕಾರದ ಭಾಗ್ಯಜ್ಯೋತಿ ಸ್ಕೀಮಲ್ಲಿ ಒಂದು ಬಲ್ಬು ಬಂತಂತೆ, ನಮ್ಮಪ್ಪ ಖುಷಿಯಾಗಿ ಮಗಳಿಗೂ ಅದೇ ಹೆಸರಿಟ್ಟ. ಎರಡು ವರ್ಷಕ್ಕೆ ನನಗೆ ಪೋಲಿಯೋ ಬಂತು. ಬಲ್ಬು ಯಾವತ್ತೋ ಬರ್ನ್ ಆಗೋಯ್ತು, ಅಪ್ಪನೂ ಹೋಗಿ ಒಂಬತ್ತು ವರ್ಷ ಆಯ್ತು. ನಾನೂ ಅಮ್ಮನೂ ಇದ್ದೀವಿ.

ಹದಿನೆಂಟು ತುಂಬಿದಾಗಿಂದ ನನಗೆ ಅಂಗವಿಕಲರ ಪಿಂಚಣಿ ಬರ್ತಿತ್ತು. ಈಚೀಚೆಗೆ ತಿಂಗಳಿಗೆ ಸಾವಿರದ ನಾನೂರು. ‘ಅಯ್ಯೋ ಅಷ್ಟೇನಾ’ ಅಂತ ಮೂಗು ಮುರೀಬೇಡಿ. ಆ ದುಡ್ಡು ಅಂದ್ರೆ ನನ್ನ ಆಟೋ. ನಾನು ಸೀರೆಗೆ ಕುಚ್ಚು ಕಟ್ಟೋಳು. ಜಯನಗರ ನಾಲ್ಕನೇ ಬ್ಲಾಕಲ್ಲಿ ಮೂರು ಅಂಗಡಿಯವರು ನನಗೆ ಸೀರೆ ಕೊಡ್ತಿದ್ರು. ವಾರಕ್ಕೊಂದು ಸಲ ಹೋಗಿ, ಕಟ್ಟಿದ್ದು ಕೊಟ್ಟು, ಹೊಸದು ತರ್ಬೇಕು. ಗಿರಾಕಿಗೆ ಯಾವ ಅಂಚಿಗೆ ಯಾವ ದಾರ, ಮಣಿ ಬೇಕಾ ಬೇಡ್ವಾ ಅಂತ ಎದುರಿಗೆ ಕೂತು ತೋರಿಸ್ಬೇಕು. ಹೆಂಗಸರಿಗೆ ಬಸ್ ಫ್ರೀ ಅಂತಾರೆ. ಮೆಟ್ಟಿಲೇ ಹತ್ತಕ್ಕಾಗದೋಳಿಗೆ ಬಸ್ ಫ್ರೀ ಆದ್ರೇನು, ವಿಮಾನ ಫ್ರೀ ಆದ್ರೇನು? ಪಿಂಚಣಿ ನಿಂತ್ರೆ ಆಟೋ ನಿಲ್ಲುತ್ತೆ, ಆಟೋ ನಿಂತ್ರೆ ಕೆಲಸ ಹೋಗುತ್ತೆ. ಆಮೇಲೆ ಅಮ್ಮ ಊರವರ ಪಾತ್ರೆ ತಿಕ್ಕಿ ತಂದು ಹಾಕಿದ್ದನ್ನ ತಿಂದ್ಕೊಂಡು ನಾನು ನಾಲ್ಕು ಗೋಡೆ ನೋಡ್ಕೊಂಡು ಕೂರ್ಬೇಕು. ಅದು ನನ್ನ ಕೈಲಿ ಆಗಲ್ಲ, ಸತ್ರೂ ಆಗಲ್ಲ.

ಹೋದ ಆಷಾಢದಲ್ಲಿ ಒಂದು ಫೋನ್ ಬಂತು. ಪಿಂಚಣಿದಾರರನ್ನೆಲ್ಲ ಮತ್ತೆ ಪರಿಶೀಲನೆ ಮಾಡ್ತಿದಾರೆ, ನಾಳೆ ಹನ್ನೊಂದು ಗಂಟೆಗೆ ವಿಲೇಜ್ ಅಕೌಂಟೆಂಟ್ ಸಾಹೇಬ್ರು ನಿಮ್ಮನೆಗೆ ಬರ್ತಾರೆ ಅಂತ. ಹಳ್ಳಿ ಹೋಗಿ ಮೆಟ್ರೋ ಬಂದ್ರೂ ನಮ್ಮ ಬಾಯಲ್ಲಿ ಅವರು ಇನ್ನೂ ವಿಲೇಜ್ ಅಕೌಂಟೆಂಟೇ.

ಅಮ್ಮನಿಗೆ ಕಾಲೇ ನಿಲ್ಲಲಿಲ್ಲ. ‘ಸರ್ಕಾರದೋರು ನಮ್ಮನೆ ಹೊಸಲು ತುಳೀತಾರೆ ಅಂದ್ರೆ ಸುಮ್ನೇನಾ? ಚಾಪೆ ಮೇಲೆ ಕೂರ್ಸಕ್ಕಾಗುತ್ತಾ?’ ಅಂತ ಸೀದಾ ಮಹಡಿಗೆ ಹೋದ್ಲು. ಅಂಜನಮ್ಮ, ‘ಆಷಾಢದಲ್ಲಿ ಯಾವ ಮುಂಡೇದು ಹೆಣ್ಣು ನೋಡಕ್ಕೆ ಬರುತ್ತೆ ಸಪ್ಪಲು?’ ಅಂತ ಕೇಳಿದ್ದು ಕೆಳಗೆ ನನಗೂ ಕೇಳಿಸ್ತು. ಆದ್ರೂ ಸೋಫಾ ಇಳೀತು, ಫ್ಯಾನ್ ಬಂತು, ಲೋಟ ಬಂತು. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಮನೆ ಹಂಗೆ ತುಂಬಿಕೊಂಡಿದ್ದು ನೋಡಿ ನನಗೂ ಖುಷಿ ಆಗಿತ್ತು.

ಸಾಹೇಬ್ರ ಹೆಸರು ಶಶಿಕಾಂತ್. ನಲವತ್ತರ ಆಸುಪಾಸು, ಕೈಲಿ ಹೆಲ್ಮೆಟ್ಟು, ಕಂಕುಳಲ್ಲಿ ಫೈಲು. ಸೋಫಾ ಮೇಲೆ ಕೂತ್ರು. ಅಮ್ಮ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಲು. ‘ಕಾಫಿ ಸಖತ್ತಾಗಿದೆ ಅಮ್ಮ’ ಅಂದ್ರು. ನನ್ನ ಕಾರ್ಡು ನೋಡಿದ್ರು, ಕಾಲು ನೋಡಿದ್ರು, ಸುತ್ತ ಕಣ್ಣಾಡಿಸಿದ್ರು. ಶ್ರಾವಣ ಹತ್ರ ಇತ್ತಲ್ಲ, ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಕುಚ್ಚಿಗೆ ಬಂದ ರೇಷ್ಮೆ ಸೀರೆಗಳು ಹಗ್ಗದ ಮೇಲೆ, ಶೆಲ್ಫಲ್ಲಿ ಎಲ್ಲಾ ಕಡೆ ಇದ್ವು. ಅವರು ಒಂದು ಪ್ರಶ್ನೆ ಕೇಳಲಿಲ್ಲ. ಏನೋ ಬರ್ಕೊಂಡ್ರು, ಫೋನಲ್ಲಿ ಒಂದು ಫೋಟೋ ಹೊಡ್ಕೊಂಡ್ರು, ಹೋದ್ರು. ‘ಒಳ್ಳೇ ಮನುಷ್ಯ ಪಾಪ, ಒಂದು ತೊಟ್ಟೂ ಬಿಡ್ದೆ ಕುಡಿದ್ರು’ ಅಂತ ಅಮ್ಮ ಎರಡು ದಿನ ಹೇಳ್ಕೊಂಡು ಓಡಾಡಿದ್ಲು.

ಮುಂದಿನ ತಿಂಗಳು ದುಡ್ಡು ಬರಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಬ್ಯಾಂಕಲ್ಲಿ ಕೇಳಿದ್ರೆ ‘ನಮ್ಗೇನೂ ಗೊತ್ತಿಲ್ಲ, ಮೇಲಿಂದಾನೇ ಬಂದಿಲ್ಲ’ ಅಂದ್ರು. ಆಧಾರ್ ಲಿಂಕ್ ಆಗಿದ್ಯಾ ನೋಡ್ಸಿ ಅಂದ್ರು, ನೋಡಿಸ್ದೆ, ಆಗಿತ್ತು. ಕಂಪ್ಲೇಂಟ್ ನಂಬರಿಗೆ ಫೋನ್ ಮಾಡ್ದೆ, ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜ್ ಬಂತು. ಯಾರಿಗೆ ಪರಿಹಾರ ಆಯ್ತೋ ದೇವರೇ ಬಲ್ಲ. ಕೊನೆಗೆ ಪಿಂಚಣಿ ಆಫೀಸಿಗೇ ಹೋಗೋಣ ಅಂತ ಆಟೋ ಮಾಡ್ಕೊಂಡು ಹೋದೆ.

ಆ ಆಫೀಸಿಗೆ ರ‍್ಯಾಂಪ್ ಇದೆ ಸ್ವಾಮಿ, ಇಲ್ಲ ಅನ್ನಲ್ಲ. ರ‍್ಯಾಂಪ್ ತುಂಬ ಸ್ಕೂಟರ್ ನಿಲ್ಲಿಸಿದಾರೆ. ಸ್ಕೂಟರ್ ದಾಟಿದ್ರೆ ಕೊನೇಲಿ ಒಂದು ತುಳಸಿ ಕುಂಡ. ಅದನ್ನೂ ದಾಟಿ ಒಳಗೆ ಹೋದ್ರೆ ಮಂಡಿ ಮೇಲೆ ಕೈಯೂರಿ ಬಗ್ಗಿ ನಡೆಯೋ ನನ್ನ ತಲೆಗಿಂತ ಕೌಂಟರ್ ಎತ್ತರ, ನನಗೆ ಕಾಣಿಸಿದ್ದು ಗುಮಾಸ್ತೆ ಶ್ರೀದೇವಿ ಮೇಡಮ್ಮಿನ ಬಳೆ ಮಾತ್ರ. ಮೊದಲನೇ ಸಲ ‘ಸರ್ವರ್ ಡೌನು’ ಅಂದ್ರು. ಎರಡನೇ ಸಲ ‘ನಿಮ್ಮ ಫೈಲ್ ಇನ್ನೊಂದು ಸೆಕ್ಷನ್ನಲ್ಲಿದೆ’ ಅಂದ್ರು. ಮೂರನೇ ಸಲ ‘ನೀವು ಅನರ್ಹರು ಅಂತ ಬಂದಿದೆ, ಕಾರಣ ಹೇಳಕ್ಕೆ ಬರಲ್ಲ’ ಅಂದ್ರು. ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನೋದು ಇದಕ್ಕೇ ತಾನೆ?

ಅಷ್ಟರಲ್ಲಿ ನನ್ನ ಆಟೋ ದುಡ್ಡೆಲ್ಲ ಈ ಆಫೀಸಿಗೇ ಸುರಿದಾಗಿತ್ತು. ಮೂರು ಅಂಗಡಿಯಲ್ಲಿ ಎರಡು ಕೈಬಿಟ್ಟಿದ್ವು. ಮೂರನೇ ಅಂಗಡಿಯ ಸೀರೆ ಗಂಟನ್ನ ಅಮ್ಮನೇ ಕೆಲಸ ಮುಗಿಸಿ ಬಸ್ಸಲ್ಲಿ ತರ್ತಿದ್ಲು. ಆ ಅಂಗಡಿಯವರು ಒಳ್ಳೆಯವರೇ, ಆದ್ರೆ ‘ಏಪ್ರಿಲಲ್ಲಿ ಮದುವೆ ಸೀಸನ್ ಶುರುವಾಗೋ ಹೊತ್ತಿಗೆ ನೀನೇ ಬಂದು ಕೂರ್ಬೇಕಮ್ಮ, ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ’ ಅಂತ ಖಡಾಖಂಡಿತವಾಗಿ ಹೇಳಿ ಕಳಿಸಿದ್ರು.

ನಾಲ್ಕನೇ ಸಲ ಹೋಗೋವಾಗ ನಾನು ಒಂದು ಹಳೇ ಬೆಡ್‌ಶೀಟು, ದಾರದ ಡಬ್ಬಿ, ಕಟ್ಟಬೇಕಾಗಿದ್ದ ಒಂದು ಹಸಿರು ಸೀರೆ ತಗೊಂಡು ಹೋದೆ. ಆಫೀಸ್ ಬಾಗಿಲಲ್ಲೇ ಬೆಡ್‌ಶೀಟ್ ಹಾಸಿ, ಸೆರಗನ್ನ ತೊಡೆ ಮೇಲೆ ಹರಡ್ಕೊಂಡು ಕುಚ್ಚು ಕಟ್ಟಕ್ಕೆ ಶುರು ಮಾಡ್ದೆ. ಬಂದೋರೆಲ್ಲ ನನ್ನನ್ನ ದಾಟ್ಕೊಂಡೇ ಹೋಗ್ಬೇಕು. ಪ್ಯೂನ್ ಬಂದು ‘ಏಳಮ್ಮ’ ಅಂದ. ‘ಏಳಕ್ಕಾಗಿದ್ರೆ ಇಲ್ಲಿಗೆ ಯಾಕಪ್ಪ ಬರ್ತಿದ್ದೆ?’ ಅಂದೆ. ಹೋದ. ಹನ್ನೆರಡೂವರೆಗೆ ಶ್ರೀದೇವಿ ಮೇಡಂ ಕೌಂಟರ್ ಬಿಟ್ಟು ಹೊರಗೆ ಬಂದ್ರು. ಬೈಯಕ್ಕೇ ಬಂದಿದ್ದು ಅಂತ ಕಾಣುತ್ತೆ, ಆದ್ರೆ ಕಣ್ಣು ಕುಚ್ಚಿನ ಮೇಲೆ ಬಿತ್ತು. ಬಗ್ಗಿ ನೋಡಿದ್ರು. ‘ಹಸಿರಿಗೆ ಈ ಅರಿಶಿನದ ದಾರ ಹಾಕ್ಬೋದು ಅಂತ ನನಗೆ ಹೊಳೆದೇ ಇರ್ಲಿಲ್ಲ ನೋಡು’ ಅಂದ್ರು. ನಾನು ತಲೆ ಎತ್ತಲಿಲ್ಲ. ಮೇಡಂ ಒಳಗೆ ಹೋಗಿ ಫೈಲ್ ತಂದು ನನ್ನ ಪಕ್ಕ ನೆಲದ ಮೇಲಿಟ್ಟು, ‘ಫೋಟೋ ತಕ್ಕೋ. ನಾನು ನೋಡಿಲ್ಲ’ ಅಂದ್ರು.

ಸ್ಥಳಕ್ಕೆ ಬಂದು ನೋಡಿ ಬರೆಯೋ ಕಾಗದಕ್ಕೆ ಮಹಜರು ಅಂತಾರಲ್ಲ, ಅದು. ಅದರಲ್ಲಿ ಹಿಂಗಿತ್ತು: ‘ಅರ್ಜಿದಾರರ ಮನೆಯಲ್ಲಿ ಸೋಫಾ ಒಂದು, ಸ್ಟ್ಯಾಂಡ್ ಫ್ಯಾನ್ ಒಂದು, ಬೆಳ್ಳಿ ಲೋಟ ನಾಲ್ಕು, ರೇಷ್ಮೆ ಸೀರೆ ಸುಮಾರು ಇಪ್ಪತ್ತೆರಡು ಇರುವುದು ಕಂಡುಬಂದಿದೆ. ಕುಟುಂಬವು ಆರ್ಥಿಕವಾಗಿ ಸದೃಢವಾಗಿದ್ದು ಪಿಂಚಣಿಗೆ ಅರ್ಹರಿರುವುದಿಲ್ಲ.’ ಕೆಳಗೆ ಪಂಚರು ಅಂತ ಅಕ್ಕಪಕ್ಕದ ಇಬ್ಬರು ಸಹಿ ಹಾಕ್ಬೇಕು. ಇಬ್ಬರು ಹಾಕಿದ್ರು. ನಮ್ಮ ಬೀದಿಯಲ್ಲಿ ಆ ಹೆಸರಿನೋರು ಒಬ್ಬರೂ ಇಲ್ಲ.

ನನಗೆ ಮೊದಲು ನಗು ಬಂತು. ಆಮೇಲೆ ಸೂಜೀನ ದಾರದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

‘ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನೀವೂ ಮಾಡ್ಕೊಂಡಿದ್ದೀರಲ್ಲಮ್ಮ’ ಅಂದ್ರು ಶ್ರೀದೇವಿ ಮೇಡಂ. ‘ಮರುಪರಿಶೀಲನೆಗೆ ಅರ್ಜಿ ಬರೆದು ಕೊಡು. ಮತ್ತೆ ಅವರೇ ಬರ್ತಾರೆ. ಈ ಸಲನಾದ್ರೂ ಸ್ವಲ್ಪ ಬಡವರ ಥರ ಇರಿ. ಅಮ್ಮನಿಗೆ ಒಂದು ಹರಿದ ಸೀರೆ ಉಡ್ಸು. ನೀನು ಆ ಕಾಲಿನ ಕಡ್ಡಿ ಬಿಚ್ಚಾಕಿ ಮಲ್ಕೊಂಡಿರು. ಎರಡು ಹನಿ ಕಣ್ಣೀರು ಹಾಕಿದ್ರೆ ಯಾರಪ್ಪನ ಗಂಟು ಹೋಗುತ್ತೆ?’

‘ಬಡವರ ಥರ ಇರೋದು ಹೆಂಗೆ ಅಂತ ನನಗೆ ಗೊತ್ತಿಲ್ಲ ಮೇಡಂ’ ಅಂದೆ. ‘ನಾವು ಬಡವರಾಗೇ ಇರೋದ್ರಿಂದ ಅದನ್ನ ಕಲಿಯೋ ಪ್ರಮೇಯ ಬಂದಿಲ್ಲ.’ ಅಲ್ಲೇ ಅರ್ಜಿ ಬರೆದೆ. ಅರ್ಜಿ ತಗೊಂಡು ಸೀಲ್ ಹಾಕಿ ಕೊಟ್ರು, ಆ ಮಟ್ಟಿಗೆ ಪುಣ್ಯಾತ್ಗಿತ್ತಿ.

ಅರ್ಜಿ ಕೊಟ್ಟಿದ್ದು ದೀಪಾವಳಿ ಮುಂಚೆ. ಫೋನ್ ಬಂದಿದ್ದು ಶಿವರಾತ್ರಿ ಕಳೆದ ಮೇಲೆ. ಮಂಗಳವಾರ ಹನ್ನೊಂದು ಗಂಟೆಗೆ ಬರ್ತಾರೆ ಅಂದ್ರು.

ಭಾನುವಾರ ಸಾಯಂಕಾಲ ನಾನು ಬಚ್ಚಲಿಂದ ಬಂದು ನೋಡಿದ್ರೆ ಮನೆ ಬೋಳು. ಗೋಡೆ ಮೇಲಿನ ಕ್ಯಾಲೆಂಡರ್ ಇಲ್ಲ, ಅಪ್ಪನ ಫೋಟೋಗೆ ಹಾಕಿದ್ದ ಗಂಧದ ಹಾರ ಇಲ್ಲ. ಮಿಕ್ಸೀನ ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ಅಮ್ಮ ಮೂಲೇಲಿ ಗೋಡೆ ಕಡೆ ತಿರುಗಿ ಕೂತು ಏನೋ ಮಾಡ್ತಿದ್ಲು. ಹತ್ರ ಹೋಗಿ ನೋಡ್ತೀನಿ, ನನ್ನ ಕುಚ್ಚು ಕತ್ತರಿಸೋ ಸಣ್ಣ ಕತ್ತರಿ ಹಿಡ್ಕೊಂಡು ತನ್ನ ನೀಲಿ ಕಾಟನ್ ಸೀರೆಗೆ ತೂತು ಮಾಡ್ತಿದ್ದಾಳೆ. ಅವಳ ಹತ್ರ ಇರೋ ಒಂದೇ ಒಂದು ಒಳ್ಳೇ ಸೀರೆ ಅದು. ನನ್ನ ಮೊದಲನೇ ಕುಚ್ಚಿನ ದುಡ್ಡಲ್ಲಿ ತಂದುಕೊಟ್ಟಿದ್ದು.

‘ಏನಮ್ಮಾ ಇದು!’ ಅಂತ ಕಿರಿಚಿ ಕತ್ತರಿ ಕಿತ್ಕೊಂಡೆ.

‘ಇರ್ಲಿ ಬಿಡೇ. ನನ್ನಿಂದ್ಲೇ ಆಗಿದ್ದು. ನನ್ನ ಮಗಳ ಅನ್ನಕ್ಕೆ ನಾನೇ ಕಲ್ಲು ಹಾಕ್ದೆ. ಈ ಸಲ ಕಾಫಿನೂ ಕೊಡಲ್ಲ, ನೀರೂ ಕೊಡಲ್ಲ. ಹರಿದಿದ್ದು ಉಟ್ಕೊಂಡು ಆಯಪ್ಪನ ಕಾಲು ಹಿಡ್ಕೋತೀನಿ’ ಅಂದ್ಲು. ಅಳ್ತಾ ಇರಲಿಲ್ಲ. ಒಂದೇ ಸಲ ಮನೆಗೆ ಬಂದೋನಿಗೆ ಮರ್ಯಾದೆ ಮಾಡಿದ್ದಕ್ಕೆ ನಮ್ಮಮ್ಮ ನಾಲ್ಕೈದು ತಿಂಗಳಿಂದ ತಲೆ ತಗ್ಗಿಸ್ಕೊಂಡು ಓಡಾಡ್ತಿದಾಳೆ. ಕಣ್ಣು ಬಿಟ್ಟು ಸರಿಯಾಗಿ ನೋಡದೇ ಇದ್ದೋನು ಆರಾಮಾಗಿ ಸ್ಕೂಟರಲ್ಲಿ ಓಡಾಡ್ತಿದಾನೆ.

‘ಅಮ್ಮಾ, ಕೇಳಿಲ್ಲಿ’ ಅಂದೆ. ‘ಯಾರ ಕಾಲೂ ಹಿಡಿಯಂಗಿಲ್ಲ. ಮಂಗಳವಾರ ಸೋಫಾ ಇಳೀಬೇಕು. ಫ್ಯಾನ್ ಬರ್ಬೇಕು. ನಾಲ್ಕು ಲೋಟನೂ ಬರ್ಬೇಕು. ಹೋದ ಸಲ ಹೆಂಗಿತ್ತೋ ಹಂಗೇ. ನೀನು ಕಾಫಿ ಕೊಡ್ಲೇಬೇಕು.’

‘ನಿನಗೇನು ಹುಚ್ಚು ಗಿಚ್ಚು ಹಿಡೀತೇನೇ?’

‘ಹಿಡಿದಿದೆ. ಹೋಗಿ ಎಲ್ಲರನ್ನೂ ಕರಿ. ವಸ್ತು ಒಂದೇ ಅಲ್ಲ, ವಸ್ತು ಜೊತೆ ಅದರ ಯಜಮಾನರೂ ಬರ್ಬೇಕು ಅಂತ ಹೇಳು.’

ಅಮ್ಮ ಹೋಗಲಿಲ್ಲ. ಹೆದರಿದ್ಲು. ನಾನೇ ಒಂದೊಂದೇ ಮೆಟ್ಟಿಲು ಕೂತ್ಕೊಂಡು ಹತ್ತಿ ಅಂಜನಮ್ಮನ ಮನೆಗೆ ಹೋಗಿ ವಿಷಯ ಹೇಳಿದೆ. ಅಂಜನಮ್ಮ ಎಲೆ ಅಡಿಕೆ ಉಗಿದು ಬಂದು, ‘ನನ್ನ ಸೋಫಾನ ನಿನ್ನ ಹೆಸರಿಗೆ ಬರೆದ್ನಾ? ನಲವತ್ತು ವರ್ಷದಿಂದ ಕಂದಾಯ ಕಟ್ತಿರೋಳು ನಾನು! ಬರ್ಲಿ ತಡಿ’ ಅಂದ್ರು. ಗೌರೀಶಂಕರಣ್ಣ ಹಾವೇರಿ ಕಡೆಯವರು, ‘ಅಂಗಡಿ ಒಂದ್ ತಾಸು ಬಂದ್ ಮಾಡ್ತೀನಿ ಬಿಡವ್ವಾ’ ಅಂದ್ರು. ಅಲಮೇಲಮ್ಮನಿಗೆ ಫೋನ್ ಮಾಡಿದೆ. ಎಪ್ಪತ್ತೊಂದು ವಯಸ್ಸು, ಮಂಡಿ ನೋವು, ನಾನೇ ಸಂಕೋಚ ಪಟ್ಕೊಂಡು ಕೇಳಿದೆ. ಪೂರ್ತಿ ಕೇಳಿಸ್ಕೊಂಡು, ‘ಎಷ್ಟು ಗಂಟೆಗೆ?’ ಅಂತ ಮಾತ್ರ ಕೇಳಿದ್ರು.

ಮಂಗಳವಾರ ಹನ್ನೊಂದೂಕಾಲಿಗೆ ಶಶಿಕಾಂತ್ ಸಾಹೇಬ್ರು ಬಂದ್ರು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಬಾಗಿಲಲ್ಲೇ ನಿಂತು ಒಳಗೆ ನೋಡಿದ್ರು. ಅದೇ ಸೋಫಾ, ಅದೇ ಫ್ಯಾನು. ಹಗ್ಗದ ಮೇಲೆ ಸೀರೆ ಮಾತ್ರ ಕಮ್ಮಿ, ಒಂಬತ್ತೇ ಇದ್ವು. ಅದನ್ನ ನಾನು ಎಲ್ಲಿಂದ ಸಾಲ ತರ್ಲಿ?

‘ಏನಮ್ಮ ಇದು, ಅರ್ಜೀಲಿ ಕಷ್ಟ ಅಂತ ಬರೆದಿದ್ದೀಯ. ಎಲ್ಲಾ ಹಂಗೇ ಇದ್ಯಲ್ಲ?’ ಅಂದ್ರು.

‘ಬನ್ನಿ ಸಾರ್, ಕೂತ್ಕೊಳ್ಳಿ’ ಅಂದೆ. ನಾನು ಯಾವಾಗಿನ ಹಾಗೆ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದೆ. ಕ್ಯಾಲಿಪರ್ ಹಾಕ್ಕೊಂಡೇ ಇದ್ದೆ. ಅಮ್ಮ ಆ ನೀಲಿ ಸೀರೆನೇ ಉಟ್ಕೊಂಡಿದ್ಲು, ತೂತನ್ನ ನಾನು ಅದೇ ಬಣ್ಣದ ದಾರದಲ್ಲಿ ಹೊಲಿದಿದ್ದೆ. ತಲೆ ತಗ್ಗಿಸ್ಕೊಂಡು ಬೆಳ್ಳಿ ಲೋಟದಲ್ಲಿ ಕಾಫಿ ತಂದು ಕೊಟ್ಟು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತ್ಕೊಂಡ್ಲು. ಸಾಹೇಬ್ರು ಕಾಫಿ ಕುಡಿದ್ರು. ಲೋಟ ಕೆಳಗಿಡೋವರೆಗೂ ಕಾದೆ. ಆಮೇಲೆ ‘ಬನ್ರಮ್ಮಾ’ ಅಂತ ಹೊರಗಡೆಗೆ ಕೂಗಿದೆ.

ಮೊದಲು ಬಂದಿದ್ದು ಅಲಮೇಲಮ್ಮ. ಒಂಬತ್ತು ಗಜದ ಸೀರೆ, ಕೈಲಿ ಕೋಲು. ಸಾಹೇಬ್ರು ಯಾರೋ ದೊಡ್ಡವರು ಅಂತ ಅರ್ಧ ಎದ್ದು ನಿಂತ್ರು.

‘ಆ ಲೋಟ ತಿರುಗಿಸಿ’ ಅಂದ್ರು ಅಲಮೇಲಮ್ಮ.

‘ಏನು ಮೇಡಂ?’

‘ತಿರುಗಿಸಿ ತಳ ನೋಡಪ್ಪ. ಏನು ಬರೆದಿದೆ, ಜೋರಾಗಿ ಓದು.’

ಪಾತ್ರೆ ಮೇಲೆ ಹೆಸರು ಕೊರೆಸಿರ್ತೀವಲ್ಲ, ಚುಕ್ಕಿ ಚುಕ್ಕಿಯಾಗಿ. ಸಾಹೇಬ್ರು ಲೋಟ ತಿರುಗಿಸಿ ಕಣ್ಣು ಕಿರಿದು ಮಾಡಿ, ‘ಅಲಮೇಲು’ ಅಂತ ಓದಿದ್ರು.

‘ಅದು ನಾನು. ನನ್ನ ಸೀಮಂತಕ್ಕೆ ನಮ್ಮಮ್ಮ ಕೊಟ್ಟಿದ್ದು. ಹೋದ ಸಲವೂ ಇದರಲ್ಲೇ ಕುಡಿದ್ಯಂತೆ, ಆಗ ಓದಕ್ಕೆ ಬರ್ತಿರ್ಲಿಲ್ವೇ?’ ಅಂತ ಕೇಳಿ ಲೋಟ ಇಸ್ಕೊಂಡ್ರು. ಉಳಿದ ಮೂರನ್ನೂ ಅಮ್ಮನ ಹತ್ರ ಇಸ್ಕೊಂಡು, ತೊಳೆದು, ಬಟ್ಟೇಲಿ ಸುತ್ತಿ ಚೀಲಕ್ಕೆ ಹಾಕ್ಕೊಂಡ್ರು.

ಗೌರೀಶಂಕರಣ್ಣ ಬಂದು ‘ನಮಸ್ಕಾರ್ರೀ ಸರ’ ಅಂದು ಫ್ಯಾನ್ ಸ್ವಿಚ್ ಆಫ್ ಮಾಡಿ ಹಿಂದಿನ ಭಾಗ ತೋರ್ಸಿದ್ರು. ಮಾರ್ಕರಲ್ಲಿ ಅವರ ಅಂಗಡಿ ಹೆಸರು ಬರೆದಿತ್ತು. ‘ಇದು ನಂದ್ರೀ. ಒಯ್ಯಾಕತ್ತೀನಿ.’ ವಠಾರದ ಹಿತ್ತಲಲ್ಲಿ ಶೀಟು ಹೊದಿಸಿದ ಮನೆ ನಮ್ದು. ಫ್ಯಾನ್ ನಿಂತ ಮರುಕ್ಷಣಕ್ಕೆ ಸಾಹೇಬ್ರ ಹಣೆ ಮೇಲೆ ಬೆವರು ಕೂತ್ಕೊಳ್ತು.

‘ಏನ್ ನಾಟಕ ಆಡ್ತಿದೀರ ನೀವೆಲ್ಲ?’ ಅಂತ ಅವರು ದನಿ ಏರಿಸಿದ್ರು. ‘ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ್ರೆ ಏನಾಗುತ್ತೆ ಗೊತ್ತಾ?’

‘ಅಡ್ಡಿ ಎಲ್ಲಿ ಸಾರ್, ಸಹಾಯ ಮಾಡ್ತಿದೀವಿ’ ಅಂದೆ. ‘ಹೋದ ಸಲ ನೀವು ಏನೇನಿದೆ ಅಂತ ಬರ್ಕೊಂಡ್ರಿ, ಯಾರದು ಅಂತ ಕೇಳಲಿಲ್ಲ. ನಮ್ಮ ವಠಾರದಲ್ಲಿ ಯಾರ ಮನೆಗೆ ನೆಂಟರು ಬಂದ್ರೂ ಹಿಂಗೇ ಮಾಡ್ತೀವಿ. ನಿಮ್ಮನ್ನ ನಮ್ಮಮ್ಮ ನೆಂಟರು ಅಂದ್ಕೊಂಡ್ಲು. ಅದು ನಮ್ಮ ತಪ್ಪಾದ್ರೆ ಹೇಳಿ, ಒಪ್ಕೋತೀನಿ. ಪಂಚರ ಸಹಿ ಬೇಕಲ್ವಾ ನಿಮಗೆ? ಇಲ್ಲಿದಾರೆ ನೋಡಿ ಪಂಚರು. ಒಬ್ಬರ ಅಂಗಡಿ ಮೂಲೇಲೇ ಇದೆ, ಒಬ್ಬರ ಮನೆ ಮಹಡಿ ಮೇಲೇ ಇದೆ, ಹೆಸರೂ ನಿಜವಾದ್ದೇ.’

ಪಂಚರ ಮಾತು ಎತ್ತಿದ್ದೇ ತಡ ಅವರು ಫೈಲನ್ನ ಎದೆಗೆ ಅವಚ್ಕೊಂಡ್ರು. ಅಷ್ಟರಲ್ಲಿ ಅಂಜನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಒಳಗೆ ಬಂದು, ‘ಏಳ್ರೀ ಸ್ವಾಮಿ, ನನ್ನ ಸೋಫಾ’ ಅಂದ್ರು. ಸಾಹೇಬ್ರು ಎದ್ರು. ಅಂಜನಮ್ಮ ಒಂದು ಕಡೆ, ಗೌರೀಶಂಕರಣ್ಣ ಒಂದು ಕಡೆ ಹಿಡಿದು ಸೋಫಾ ಎತ್ತಿದ್ರು. ಬಾಗಿಲಲ್ಲಿ ಯಾವಾಗಿನ ಹಾಗೆ ಸಿಕ್ಕಾಕ್ಕೊಂಡು, ಆಮೇಲೆ ಹೊರಗೆ ಹೋಯ್ತು. ನಾನು ಗೋಡೆ ಹಿಡ್ಕೊಂಡು ಎದ್ದು ಹಗ್ಗದಿಂದ ಸೀರೆ ಒಂದೊಂದೇ ಇಳಿಸಿ ಪಿನ್ ಮಾಡಿದ್ದ ಚೀಟಿ ಓದಿದೆ. ಗಿರಾಕಿ ಹೆಸರು, ಅಂಗಡಿ ಹೆಸರು, ಕೊಡಬೇಕಾದ ತಾರೀಖು. ನಾಲ್ಕನೇ ಸೀರೆಗೆ ಅವರು ‘ಸಾಕಮ್ಮ’ ಅಂದ್ರು. ‘ಇಲ್ಲ ಸಾರ್, ಒಂಬತ್ತೂ ಕೇಳಿ’ ಅಂದೆ. ಕೇಳಿದ್ರು.

ಈಗ ಮನೇಲಿ ಉಳಿದಿದ್ದು ಒಂದು ಕಬ್ಬಿಣದ ಮಂಚ, ಟ್ರಂಕು, ಗೋಣಿಚೀಲದಿಂದ ಈಚೆ ತೆಗೆದಿಟ್ಟಿದ್ದ ಮಿಕ್ಸಿ, ಅಪ್ಪನ ಫೋಟೋ, ನನ್ನ ದಾರದ ಡಬ್ಬಿ. ಮಂಚದ ಮೇಲೆ ಸೀರೆಗಳ ರಾಶಿ. ಸಾಹೇಬ್ರು ಫೈಲ್ ಹಿಡ್ಕೊಂಡು ಮಧ್ಯದಲ್ಲಿ ನಿಂತಿದ್ರು.

‘ನಾನೆಲ್ಲಿ ಕೂತು ಬರೀಲಿ?’ ಅಂದ್ರು. ದನಿ ಇಳಿದಿತ್ತು.

‘ಇಲ್ಲೇ ಸಾರ್’ ಅಂತ ಮತ್ತೆ ನೆಲದ ಮೇಲೆ ಕೂತು ನನ್ನ ಪಕ್ಕದ ಜಾಗ ತೋರ್ಸಿದೆ. ಅವರು ಚಪ್ಪಲಿ ಹೊರಗೆ ಬಿಟ್ಟು ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ರು. ಮೊದಲನೇ ಸಲ ಅವರ ಮುಖ ನನ್ನ ಮುಖಕ್ಕೆ ಸಮನಾಗಿ ಬಂತು. ಕೆಟ್ಟೋರಲ್ಲ ಅನ್ನಿಸ್ತು, ಸುಸ್ತಾಗಿರೋರು. ಅವತ್ತು ಇನ್ನೂ ಹದಿನಾರು ಮನೆ ಇತ್ತಂತೆ ಅವರಿಗೆ. ಅದಕ್ಕೆ ನಾನೇನು ಮಾಡ್ಲಿ, ನಮಗಿರೋದು ಇದೊಂದೇ ಮನೆ.

ಅವರು ಬರೆದ್ರು. ‘ಕುಚ್ಚು ಕಟ್ಟಿ ದುಡೀತಾಳೆ ಅಂತಾನೂ ಬರೀರಿ’ ಅಂದೆ. ‘ಬೇಡಮ್ಮ, ಆಮೇಲೆ ಅದನ್ನೇ ಹಿಡ್ಕೋತಾರೆ’ ಅಂದ್ರು. ‘ಬರೀರಿ ಸಾರ್. ಸುಮ್ನೆ ಕೂರೋಕೆ ಕೇಳ್ತಿಲ್ಲ ನಾನು, ದುಡಿಯಕ್ಕೆ ಹೋಗೋಕೆ ಕೇಳ್ತಿದೀನಿ. ಎಷ್ಟು ಬರುತ್ತೆ ಅಂತಾನೂ ಹೇಳ್ತೀನಿ, ಮುಚ್ಚಿಡೋದೇನಿಲ್ಲ.’ ಹೇಳಿದೆ. ಬರ್ಕೊಂಡು ‘ಆದಾಯ ಪಿಂಚಣಿ ಮಿತಿಯೊಳಗೇ ಇದೆ’ ಅಂದ್ರು. ಅಲಮೇಲಮ್ಮ ಪೂರ್ತಿ ಓದಿಸಿದ್ರು, ಎರಡು ಸಲ. ‘ಪಿಂಚಣಿಯನ್ನು ಮುಂದುವರಿಸಲು ಶಿಫಾರಸು ಮಾಡಿದೆ’ ಅನ್ನೋ ಕಡೆ ಬಂದಾಗ ಕೋಲು ನೆಲಕ್ಕೆ ಕುಟ್ಟಿ ‘ಅದನ್ನ ಇನ್ನೊಂದು ಸಲ’ ಅಂದ್ರು. ಆಮೇಲೆ ಮೂರು ಜನನೂ ಸಹಿ ಹಾಕಿದ್ರು. ಎರಡೇ ಸಾಕು ಅಂದ್ರೂ ಅಂಜನಮ್ಮ ಬಿಡಲಿಲ್ಲ.

ದುಡ್ಡು ಬಂತಾ ಅಂತ ಕೇಳ್ತೀರ. ಏಪ್ರಿಲ್ ಮೊದಲನೇ ವಾರ ಬಂತು. ಮಾರನೇ ದಿನವೇ ಆಟೋ ಹತ್ತಿ ಹೋಗಿ ಮೂರನೇ ಅಂಗಡೀಲಿ ಕೂತ್ಕೊಂಡೆ. ನಿಲ್ಲಿಸಿದ್ದ ತಿಂಗಳುಗಳ ದುಡ್ಡು ಇನ್ನೂ ಬಂದಿಲ್ಲ. ಅದಕ್ಕೂ ಅರ್ಜಿ ಹಾಕಿದೀನಿ. ಬೆಡ್‌ಶೀಟು ದಾರದ ಡಬ್ಬಿ ರೆಡಿ ಇದೆ, ನಾನಂತೂ ಬಿಡೋಳಲ್ಲ.

ಆದ್ರೆ ನಾನು ಹೇಳ್ಬೇಕು ಅಂತಿದ್ದಿದ್ದು ಅದಲ್ಲ. ಆವತ್ತು ಸಹಿ ಎಲ್ಲಾ ಆಗಿ ಸಾಹೇಬ್ರು ಫೈಲ್ ಕಟ್ತಾ ಇದ್ರು. ಅಷ್ಟು ಹೊತ್ತೂ ಅಡುಗೆಮನೆ ಬಾಗಿಲಲ್ಲಿ ಮುಖ ಮುಚ್ಕೊಂಡು ನಿಂತಿದ್ದ ಅಮ್ಮ ಯಾವಾಗ ಒಳಗೆ ಹೋದ್ಲೋ ಗೊತ್ತಿಲ್ಲ, ಇನ್ನೊಂದು ಲೋಟ ಕಾಫಿ ಹಿಡ್ಕೊಂಡು ಬಂದ್ಲು. ಸ್ಟೀಲ್ ಲೋಟ, ಅಂಚಲ್ಲಿ ಒಂದು ಕಡೆ ನೆಗ್ಗಿರೋದು.

‘ಕುಡೀರಿ ಸ್ವಾಮಿ, ಬಿಸಿಲಲ್ಲಿ ಬಂದಿದೀರ’ ಅಂದ್ಲು.

‘ಆಗ್ಲೇ ಒಂದು ಆಯ್ತಲ್ಲಮ್ಮ.’

‘ಅದು ಅಲಮೇಲಮ್ಮೋರ ಲೋಟದ್ದು. ಇದು ನಮ್ಮನೇದು’ ಅಂತ ಅಮ್ಮ ಅವರ ಎದುರಿಗೇ ಕೂತ್ಕೊಂಡ್ಲು. ನಾಲ್ಕೈದು ತಿಂಗಳಾದ ಮೇಲೆ ಅವಳು ಯಾರನ್ನೋ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದನ್ನ ನಾನು ನೋಡಿದೆ.

ಸಾಹೇಬ್ರು ನಿಧಾನಕ್ಕೆ ಕುಡಿದ್ರು. ಕುಡಿದಾದ ಮೇಲೆ, ಯಾರೂ ಹೇಳದೇನೇ, ಲೋಟ ತಿರುಗಿಸಿ ತಳ ನೋಡಿ ‘ಸಪ್ಪಲಮ್ಮ’ ಅಂತ ಓದಿದ್ರು.

‘ಹೂಂ. ನಾನೇ. ಬರ್ಕೊಳ್ಳಿ’ ಅಂದ್ಲು ಅಮ್ಮ.

ಅವರು ಕಟ್ಟಿದ್ದ ಫೈಲ್ ಮತ್ತೆ ಬಿಚ್ಚಿ, ಸಹಿಗಳ ಮೇಲೆ ಉಳಿದಿದ್ದ ಒಂಚೂರು ಜಾಗದಲ್ಲಿ ಬರೆದ್ರು: ‘ಸ್ಟೀಲ್ ಲೋಟ ಒಂದು, ಸ್ವಂತದ್ದು.’